ಗೌರವ ಕಾರ್ಯದರ್ಶಿಗಳ ಟೆಲಿಫೋನ್ ಸುಧಾರಣೆ

ಚಾಮರಾಜಪೇಟೆಯಲ್ಲಾದರೆ ಪತ್ತಿನ ಸಹಕಾರ ಸಂಘ, ಬಸವನಗುಡಿಯಲ್ಲಾದರೆ ಶಾಲೆ ನಡೆಸುವ ಟ್ರಸ್ಟು, ಮಲ್ಲೇಶ್ವರದಲ್ಲಾದರೆ ಸಂಗೀತ ಸಭೆ. ಕಟ್ಟಡ ಯಾವುದೇ ಇರಲಿ, ಒಳಗೆ ಕೂತ ಗೌರವ ಕಾರ್ಯದರ್ಶಿಗಳು ಮಾತ್ರ ಒಬ್ಬರೇ. ಎಚ್‌ಎಎಲ್, ಬಿಇಎಲ್, ಎಚ್‌ಎಂಟಿ, ಐಟಿಐ ಈ ನಾಲ್ಕರಲ್ಲಿ ಎಲ್ಲಾದರೊಂದು ಕಡೆ ದುಡಿದು ನಿವೃತ್ತರಾದವರು. ಸಂಬಳವಿಲ್ಲ, ಆದ್ದರಿಂದ ರಜೆಯೂ ಇಲ್ಲ. ಜೇಬಿನಲ್ಲಿ ಎರಡು ಪೆನ್ನು: ನೀಲಿಯದು ಬರೆಯಲಿಕ್ಕೆ, ಕೆಂಪಿನದು ಬೇರೆಯವರು ಬರೆದದ್ದನ್ನು ಹೊಡೆದುಹಾಕಲಿಕ್ಕೆ.

ಇವರಲ್ಲೆಲ್ಲ ಐಟಿಐ ತಳಿ ವಿಶೇಷವಾದದ್ದು. 1948ರಲ್ಲಿ ಶುರುವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸು ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಎಂಬುದನ್ನು ಅವರು ನಿಮಗೆ ಕಾಫಿ ಬರುವುದಕ್ಕೆ ಮೊದಲೇ ಹೇಳಿ ಮುಗಿಸಿರುತ್ತಾರೆ. ಇಂಥವರ ಕೈಕೆಳಗಿರುವ ಆಫೀಸಿನ ಟೆಲಿಫೋನು ಕೆಟ್ಟರೆ ಏನಾದೀತು, ಯೋಚಿಸಿ.

ಕೆಟ್ಟು ಬಹಳ ಕಾಲವೇ ಆಗಿತ್ತು. ಆಫೀಸಿನ ಫೋನುಗಳನ್ನು ಒಂದಕ್ಕೊಂದು ಕೂಡಿಸುವ, ಗೋಡೆಯ ಮೇಲಿನ ಇಪಿಎಬಿಎಕ್ಸ್ ಪೆಟ್ಟಿಗೆಗೆ ಮಳೆಗಾಲದಲ್ಲಿ ಭ್ರಮೆ. ಹದಿನಾಲ್ಕಕ್ಕೆ ಮಾಡಿದರೆ ಹದಿನೇಳು ಬಡಿದುಕೊಳ್ಳುತ್ತದೆ. ಹದಿನೇಳರವರು ಗೋಡೆಯಾಚೆಯಿಂದಲೇ “ಅದು ನಿಮಗೇ ರೀ” ಎಂದು ಕೂಗುತ್ತಾರೆ, ಕೆಲಸ ಆಗಿಬಿಡುತ್ತದೆ. ಇಷ್ಟು ವರ್ಷ ಸುಧಾರಣೆಯನ್ನು ತಡೆದಿದ್ದೇ ಆ ಕೂಗು. ಕೊನೆಗೆ ವಾರ್ಷಿಕ ಸಭೆಯಲ್ಲಿ ಯಾರೋ ಕಿರಿಯ ಸದಸ್ಯರು ಎದ್ದು ನಿಂತಾಗ ಕಾರ್ಯದರ್ಶಿಗಳು ಎಲ್ಲರಿಗಿಂತ ಮೊದಲು ಒಪ್ಪಿಕೊಂಡರು. “ಖಂಡಿತ ಬದಲಾಯಿಸೋಣ. ಇನ್‌ಸ್ಟ್ರುಮೆಂಟು ಮಾತ್ರ ಮುಟ್ಟೋದು ಬೇಡ.”

ಇನ್‌ಸ್ಟ್ರುಮೆಂಟುಗಳನ್ನು ನೋಡಿದವರಿಗೆ ಆ ಷರತ್ತಿನ ತೂಕ ಗೊತ್ತು. ಕೆಲವು ಗುಂಡಿ ಒತ್ತುವಂಥವು, ಒತ್ತಿ ಒತ್ತಿ ಐದು ಅಳಿಸಿಹೋಗಿದೆ. ಒಂದಕ್ಕೆ ಸೆಲ್ಲೋಟೇಪಿನ ಪಟ್ಟಿ, ಇನ್ನೊಂದಕ್ಕೆ ಯಾರ ಮನೆಯವರೋ ಹೆಣೆದ ಕ್ರೋಶಾ ಹೊದಿಕೆ. ಎಲ್ಲಕ್ಕೂ ಹಿರಿಯದು ಡಯಲ್ ತಿರುಗಿಸುವ ಕರಿಯ ಐಟಿಐ. ಅದರ ಡಯಲ್ಲಿನ ತೂತಿಗೊಂದು ಪುಟ್ಟ ಬೀಗ, ಬೀಗದ ಕೈ ಕಾರ್ಯದರ್ಶಿಗಳ ಜನಿವಾರದಲ್ಲಿ. ಬೀಗವಿದ್ದರೂ ಹಿಂದೊಬ್ಬ ಅಟೆಂಡರು ರಿಸೀವರ್ ಇಡುವ ಗುಂಡಿಯನ್ನೇ ಟಕಟಕ ಒತ್ತಿ ಮಾವನ ಮನೆಗೆ ಫೋನ್ ಮಾಡುತ್ತಿದ್ದನಂತೆ. ಡಯಲ್ಲು ಮಾಡುವುದೂ ಅದನ್ನೇ ತಾನೆ: ಲೈನನ್ನು ಕ್ಷಣ ಕಡಿದು ಕೂಡಿಸುವುದು, ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಮೆಮೊ ಕೊಡಲು ಹೊರಟ ಕಾರ್ಯದರ್ಶಿಗಳು ಆ ವಿದ್ಯೆಗೆ ಮೆಚ್ಚಿ ಇನ್‌ಕ್ರಿಮೆಂಟು ಕೊಡಿಸಿದರು.

ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಹುಡುಗ ಬಂದ.

“ಟೇಬಲ್ಲಿಗೊಂದು ಐಪಿ ಫೋನ್ ಹಾಕೋಣ ಸಾರ್. ಯಾರು ಮಾಡ್ತಿದಾರೆ ಅಂತ ಡಿಸ್‌ಪ್ಲೇಲಿ ಕಾಣುತ್ತೆ.”

“ಯಾರು ಅಂತ ಮೊದಲೇ ಗೊತ್ತಾದ್ರೆ ಈ ಆಫೀಸಲ್ಲಿ ಎತ್ತೋರು ಯಾರಪ್ಪಾ?”

“ಸರ್ವರ್ ಇಡೋ ರೂಮಿಗೆ ಎಸಿ ಇದ್ರೆ ಒಳ್ಳೇದು ಸಾರ್.”

ಇಲ್ಲಿ ಕಾರ್ಯದರ್ಶಿಗಳು ಕನ್ನಡಕ ತೆಗೆದರು. 1986ರಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿ-ಡಾಟ್‌ನವರು ತಮ್ಮ ಮೊದಲ 128 ಲೈನಿನ ಹಳ್ಳಿ ಎಕ್ಸ್‌ಚೇಂಜನ್ನು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ಧೂಳು, ಸೆಕೆ ಎಲ್ಲಾ ತಡೆದುಕೊಂಡು ಎಸಿ ಇಲ್ಲದೆ ಓಡುವಂತೆಯೇ ಅದನ್ನು ಮಾಡಿದ್ದರು. ಕಿತ್ತೂರಿನ ಕಥೆ ಮುಗಿಯುವಷ್ಟರಲ್ಲಿ ಎಸಿ ಕೊಟೇಶನ್ನಿನಿಂದ ಬಿದ್ದುಹೋಗಿತ್ತು.

“ಹಳೇ ಲೈನಲ್ಲಿ ಎಕ್ಸ್‌ಚೇಂಜಿಂದಲೇ 48 ವೋಲ್ಟ್ ಬರ್ತಿತ್ತು. ಏರಿಯಾ ಪೂರ್ತಿ ಕತ್ತಲಾದ್ರೂ ಫೋನು ಸಾಯ್ತಿರಲಿಲ್ಲ. ನಿಂದು?”

“ಇದು ಫೈಬರ್ ಸಾರ್. ಬೆಳಕು ಬರುತ್ತೆ, ಕರೆಂಟ್ ಬರಲ್ಲ. ಯುಪಿಎಸ್ ಬೇಕು.”

“ಬೆಳಕು ಬರೋದಕ್ಕೂ ನಾವೇ ಕರೆಂಟು ಕೊಡಬೇಕೇನಯ್ಯಾ?”

ಯುಪಿಎಸ್ಸಿಗೆ ಬೇರೆ ಉಪಸಮಿತಿಯಾಯಿತು, ಬೇರೆ ಮೂರು ಕೊಟೇಶನ್ನು, ಬೇರೆ ಖಾರಾಬಾತು.

ಹುಡುಗ ಕೊನೆಗೆ ದಾರಿಗೆ ಬಂದ. ಒಳಗಿನ ವ್ಯವಸ್ಥೆ ಐಪಿಯದೇ ಇರಲಿ, ನಡುವೆ ಎಫ್‌ಎಕ್ಸ್‌ಎಸ್ ಗೇಟ್‌ವೇ ಅಂತೊಂದು ಡಬ್ಬ ಇಡೋಣ ಎಂದ. ಹಳೆಯ ಫೋನಿನ ಮುಂದೆ ಆ ಡಬ್ಬ ತಾನೇ ಎಕ್ಸ್‌ಚೇಂಜು ಎಂದು ನಟಿಸುತ್ತದೆ. ಡಯಲ್ ಟೋನು ಕೊಡುತ್ತದೆ, ಗಂಟೆ ಬಾರಿಸಲು ವೋಲ್ಟೇಜು ಕೊಡುತ್ತದೆ, ಆಡಿದ ಮಾತನ್ನು ಪ್ಯಾಕೆಟ್ಟು ಕಟ್ಟಿ ಆಚೆ ಸಾಗಿಸುತ್ತದೆ. ಗೋಡೆಯೊಳಗಿನ ತಾಮ್ರದ ತಂತಿಯನ್ನು ಅಲುಗಿಸಬೇಕಾಗಿಲ್ಲ, ಹಳೇ ಕಾಲದ ಗಾರೆ ಗೋಡೆಗೆ ಡ್ರಿಲ್ಲು ಇಡಬೇಕಾಗಿಲ್ಲ. ನಿಜ ಹೇಳಬೇಕೆಂದರೆ, ಎಲ್ಲರೂ ನಕ್ಕ ಆ ಷರತ್ತೇ ಎಲ್ಲಕ್ಕಿಂತ ಅಗ್ಗದ, ಅಚ್ಚುಕಟ್ಟಾದ ಯೋಜನೆಯಾಗಿತ್ತು. ಇದನ್ನು ಅವರೆದುರು ಹೇಳಬಾರದು ಅಷ್ಟೇ, ಮುಂದಿನ ಐದು ವರ್ಷಕ್ಕೂ ಅವರೇ ಕಾರ್ಯದರ್ಶಿಗಳಾಗುತ್ತಾರೆ.

ಪರೀಕ್ಷೆಯ ದಿನ ಗುಂಡಿಯ ಫೋನುಗಳೆಲ್ಲ ಪಾಸು. ಕರಿಯ ಐಟಿಐಗೆ ಕರೆ ಬಂತು, ಗಂಟೆ ಬೀದಿಗೆ ಕೇಳಿಸಿತು, ಮಾತೂ ಸ್ಪಷ್ಟ. ಕಾರ್ಯದರ್ಶಿಗಳು ಬೀಗ ತೆಗೆದು ತಾವೇ ಡಯಲ್ ತಿರುಗಿಸಿದರು. ಏನೂ ಇಲ್ಲ. ಮತ್ತೆ ತಿರುಗಿಸಿದರು.

“ಈ ಗೇಟ್‌ವೇಗೆ ಗುಂಡಿಯ ಟೋನ್ ಮಾತ್ರ ಅರ್ಥ ಆಗುತ್ತೆ ಸಾರ್, ಡಯಲ್ಲಿನ ಪಲ್ಸ್ ಆಗಲ್ಲ. ಪಲ್ಸ್ ತಗೊಳ್ಳೋ ಮಾಡೆಲ್ಲೂ ಇದೆ, ತರಿಸ್ತೀನಿ.”

“ಅಂದ್ರೆ ಇದಕ್ಕೆ ಬರುತ್ತೆ, ಇದರಿಂದ ಹೋಗಲ್ಲ?”

“ಹೌದು ಸಾರ್.”

ಇಲ್ಲೊಂದು ಹಿನ್ನೆಲೆಯಿದೆ. ಅಧ್ಯಕ್ಷರಿಗೆ ಸಭೆ ಮುಗಿದ ಮೇಲೆ ಆಫೀಸಿನ ಫೋನಿನಿಂದ ಮೈಸೂರು, ಶಿವಮೊಗ್ಗ, ತಿಪಟೂರಿನ ಬೀಗರನ್ನೆಲ್ಲ ವಿಚಾರಿಸಿಕೊಳ್ಳುವ ಅಭ್ಯಾಸ. ಈಗ ಕರೆಗಳೆಲ್ಲ ಅನ್‌ಲಿಮಿಟೆಡ್ಡು ಎಂದು ಹುಡುಗ ಮೊದಲ ದಿನವೇ ಹೇಳಿದ್ದ. “ಅದೇ ಭಯ ನನಗೆ” ಎಂದಿದ್ದರು ಕಾರ್ಯದರ್ಶಿಗಳು.

“ಬೇರೆ ಮಾಡೆಲ್ ಬೇಡಪ್ಪಾ. ಇದನ್ನ ಒರೆಸಿ ಅಧ್ಯಕ್ಷರ ಟೇಬಲ್ಲಿಗೆ ಇಡು. ಬೀಗನೂ ಬೇಕಾಗಿಲ್ಲ.”

ಅಧ್ಯಕ್ಷರಿಗೆ ಪರಮ ಸಂತೋಷ. ಅಂಥ ಪಾರಂಪರಿಕ ವಸ್ತು ತಮ್ಮ ಮೇಜಿಗೆ ಬಂದದ್ದಕ್ಕೆ ಕಾರ್ಯದರ್ಶಿಗಳಿಗೆ ಶಾಲು ಹೊದಿಸಬೇಕೆಂದು ಅವರೇ ಸೂಚಿಸಿದ್ದಾರೆ. ಶಾಲಿನ ಖರ್ಚಿಗೆ ಖಜಾಂಚಿಯನ್ನೊಂದು ಮಾತು ಕೇಳೋಣವೆಂದು ಸೋಮವಾರದಿಂದ ಡಯಲ್ ತಿರುಗಿಸುತ್ತಿದ್ದಾರೆ, ಲೈನು ಸಿಗುತ್ತಿಲ್ಲ.