ಬುಶ್ ಗೌಡ್ರು

ಬೈಲಹೊಂಗಲದ ಸುತ್ತಿನ ಊರುಗಳಲ್ಲಿ ಹಳೆಯ ಫೋರ್ ವ್ಹೀಲ್ ಜೀಪು ಇಟ್ಟುಕೊಂಡ ಗೌಡರೊಬ್ಬರು ಇದ್ದೇ ಇರುತ್ತಾರೆ. ಊರಿಗೊಂದು ಹೆಸರು ಇದ್ದೀತು, ಜೀಪು ಮಾತ್ರ ಮಹೀಂದ್ರಾ ಎಂಎಂ 540. ಮಗ ತಂದ ಹೊಸ ಕಾರು ಅಂಗಳದ ಬಿಸಿಲಿಗೆ ನಿಂತರೆ, ಜೀಪಿಗೆ ದನದ ಕೊಟ್ಟಿಗೆಯಲ್ಲಿ ನೆರಳು. 1947 ಎಂದರೆ ನಮಗೆಲ್ಲ ಸ್ವಾತಂತ್ರ್ಯ. ಗೌಡರಿಗೆ ಅದು ಮಹೀಂದ್ರಾದವರು ವಿಲ್ಲೀಸ್ ಜೀಪನ್ನು ನಮ್ಮ ರಸ್ತೆಗೆ ತಂದ ವರ್ಷ. “ಅದಽ ವರ್ಷ ಸ್ವಾತಂತ್ರ್ಯಾನೂ ಬಂತು” ಎಂದು ಆಮೇಲೆ ಸೇರಿಸುತ್ತಾರೆ.

ಗೌಡರು ಜೀಪು ನಡೆಸುವುದು ಕಣ್ಣಿಗಿಂತ ಹೆಚ್ಚು ಕಿವಿಯಿಂದ. ತಗ್ಗಿಗೆ ಗಾಲಿ ಇಳಿದಾಗ ‘ಟಕ್’ ಅಂದರೆ ಶ್ಯಾಕಲ್ ಬುಶ್. ‘ಕಿರ್ರ್’ ಅಂದರೆ ಪಾಟಾದ, ಅಂದರೆ ಲೀಫ್ ಸ್ಪ್ರಿಂಗಿನ, ಪಟ್ಟಿಗಳ ನಡುವಿನ ಗ್ರೀಸ್ ಒಣಗಿದೆ. ಬ್ರೇಕ್ ಒತ್ತಿದಾಗ ‘ಧಡ್’ ಅಂದರೆ ಪಾಟಾದ ಕಿವಿಯೊಳಗಿನ ರಬ್ಬರ್ ಸತ್ತಿದೆ. ಹಿಂದೆ ಕೂತ ಬೀಗರು ವರದಕ್ಷಿಣೆಯ ಮಾತು ತೆಗೆದಿದ್ದರೂ ಸರಿ, ಗೌಡರ ಕೈ ಮೇಲೇಳುತ್ತದೆ: “ಒಂದೀಟ ಸುಮ್ನಿರ್ರಿ. ಎಡಗಡೆ, ಮುಂದಿಂದು.” ಇಳಿದು ಧೋತರ ಎತ್ತಿ ಕಟ್ಟಿ, ಪಾಟಾದ ಸಂದಿಗೆ ಹಾರಿ ತೂರಿಸಿ ಮೀಟುತ್ತಾರೆ. ಅದು ಅತ್ತಿತ್ತ ಸರಿಯಿತೋ, ಮುಖ ಅರಳುತ್ತದೆ. ಬುಶ್ ಸತ್ತ ದುಃಖಕ್ಕಿಂತ ತಮ್ಮ ಕಿವಿ ಸುಳ್ಳಾಗಲಿಲ್ಲ ಎಂಬ ಸಂತೋಷ ದೊಡ್ಡದು.

ಬುಶ್ ಅಂದರೆ ಮಹಾ ಏನು? ಅಂಗೈಯಲ್ಲಿ ಹಿಡಿಸುವ ರಬ್ಬರಿನ ಉರುಳೆ, ನಡುವೆ ಬೋಲ್ಟ್ ಹೋಗಲು ತೂತು. ಎಂಟೆಕರೆ ಎರಿ ಹೊಲ ಕೊಳ್ಳುವಾಗ ಉತಾರ ಒಮ್ಮೆ ನೋಡಿ ಸಹಿ ಹಾಕಿದ ಗೌಡರಿಗೆ ಈ ಉರುಳೆ ಆರಿಸಲು ಮಾತ್ರ ಹಂಗಾಮು ಸಾಲುವುದಿಲ್ಲ. ಮಿಸ್ತ್ರಿ ಮೊದಲ ದಿನವೇ ಹೇಳಿರುತ್ತಾನೆ: “ಗೌಡ್ರ, ರಬ್ಬರ್ ಹಾಕಿ ಬಿಡೂಣ್ರಿ.” ಆದರೆ ಅಷ್ಟು ಬೇಗ ಒಪ್ಪಿದರೆ ಗೌಡಕಿ ಉಳಿದೀತೆ? ನಾಲ್ಕೂ ದಿಕ್ಕಿನ ಬಳಗಕ್ಕೆ ಫೋನು ಹೋಗುತ್ತದೆ.

ಕಿತ್ತೂರಿನ ಅಳಿಯನದು ಪಿಯು ಪಕ್ಷ. ಅವನ ಮನೆ ಪುಣೆ-ಬೆಂಗಳೂರು ಹೆದ್ದಾರಿಗೆ ಹತ್ತಿರ. “ಮಾವಾರ, ಪಾಲಿಯುರೆಥೇನ್ ಹಾಕಸ್ರಿ. ಸ್ಟೇರಿಂಗ್ ಗಟ್ಟಿ ನಿಲ್ತೈತಿ, ಗಾಡಿ ಓಲಾಡೂದಿಲ್ಲ.” ಮಾತೇನೋ ಖರೆ. ಗೌಡರ ತಕರಾರು ಬೇರೆ: ರಬ್ಬರ್ ತನ್ನೊಳಗೇ ತಿರುಚಿಕೊಂಡು ಮರಳಿ ಬರುತ್ತದೆ, ಪಿಯು ಹಾಗಲ್ಲ, ಒಳಗಿನ ತೋಳಿನ ಮೇಲೆ ತಿಕ್ಕಿಕೊಂಡೇ ತಿರುಗಬೇಕು. ಅದಕ್ಕೆ ಸಿಲಿಕೋನ್ ಗ್ರೀಸ್ ಬೇಕು. ಆ ಗ್ರೀಸಿಗೆ ನಮ್ಮ ಎರಿ ಧೂಳು ಕೂಡಿದರೆ ಸಂಕ್ರಾಂತಿಗೆ ಹಾಕಿಸಿದ್ದು ಯುಗಾದಿಗೆ ಕೀಚಲು ದನಿ ತೆಗೆಯುತ್ತದೆ. “ಶೋರ್ ಎ ಮಾಪದಾಗ ಎಂಬತ್ತರ ಮ್ಯಾಲ ಗಡಸು ಅದು. ಹೈವೇಕ ಛಲೋ, ನಮ್ಮ ಹೊಲದ ದಾರಿಗೆ ನಮ್ಮ ನಡಾ ಬೀಳ್ತೈತಿ.”

ಸವದತ್ತಿಯ ಬೀಗರದು ನೈಲಾನ್ ಪಕ್ಷ. ಭಾರತ ಹುಣ್ಣಿವೆಗೆ ಯಲ್ಲಮ್ಮನ ಗುಡ್ಡಕ್ಕೆ ಜೀಪಿನ ತುಂಬ ಮಂದಿ, ಮೇಲೆ ಹೋಳಿಗೆ ಬುಟ್ಟಿ, ಮುಂದೆ ಚಕ್ಕಡಿಗಳ ಸಾಲು. ಅಂಥಲ್ಲಿ ರಬ್ಬರ್ ಎಷ್ಟು ದಿನ ತಾಳೀತು? “ಬೆಳಗಾವಿ ಉದ್ಯಮಬಾಗದಾಗ ಲೇತಿಗೆ ಹಾಕಿ ನೈಲಾನ್ ಕಡಸ್ತೀನಿ, ಮೊಮ್ಮಕ್ಕಳ ಕಾಲಕ್ಕ ಬರ್ತೈತಿ.” ಗೌಡರು ಪೂರ್ತಿ ಕೇಳಿಸಿಕೊಂಡು ಅನ್ನುತ್ತಾರೆ: “ಬುಶ್ ಬರ್ತೈತಿ ಬೀಗರ, ಬ್ರ್ಯಾಕೆಟ್ ಬರೂದಿಲ್ಲ.” ಮಣಿಯದ ವಸ್ತು ಪೆಟ್ಟನ್ನು ತಾನು ತಿನ್ನುವುದಿಲ್ಲ, ಮುಂದಕ್ಕೆ ದಾಟಿಸುತ್ತದೆ. ಆಮೇಲೆ ಚಾಸಿಗೆ ವೆಲ್ಡಿಂಗ್ ಹೊಡೆಸುತ್ತ ಅಡ್ಡಾಡಬೇಕು.

ರಾಮದುರ್ಗದ ಕಾಕಾ ಇನ್ನೂ ಹಿಂದಿನ ಕಾಲದವರು. ಹಳೆ ಟೈರು ಕತ್ತರಿಸಿ ಬಿಲ್ಲೆ ಮಾಡಿ ಗಿಡಿದರೆ ಆಯಿತು, ಗೊಡಚಿ ಜಾತ್ರೆಗೆ ಹೋಗಿ ಬರಲು ಅಷ್ಟು ಸಾಕು ಎನ್ನುತ್ತಾರೆ. ಟೈರಿನೊಳಗಿನ ದಾರ ಹಿಂಜಿಕೊಂಡು ಬಿಲ್ಲೆ ಪುಡಿಯಾಗುತ್ತದೆ ಎಂದು ಕಾಕಾನಿಗೆ ಹೇಳುವ ಹಾಗಿಲ್ಲ, ಹಿರಿಯರು. ಗೌಡರು “ಹೂನ್ರಿ ಕಾಕಾ” ಎಂದು ಫೋನಿಟ್ಟು ಹುಬ್ಬಳ್ಳಿ ಬಸ್ಸು ಹತ್ತುತ್ತಾರೆ.

ಅಂಗಡಿಯಲ್ಲಿ ಗೌಡರ ಪರೀಕ್ಷೆ ನೋಡುವಂಥದು. ಮೊದಲು ಉಗುರು ಒತ್ತುತ್ತಾರೆ. ಗುರುತು ಕೂಡಲೇ ಮಾಯವಾಗಬೇಕು. ಆಮೇಲೆ ಮೂಸುತ್ತಾರೆ. ಬಳಿಕ ಅಂಗಿಯ ಕಿಸೆಯಿಂದ ಕರವಸ್ತ್ರದಲ್ಲಿ ಸುತ್ತಿದ ಹಳೆ ಬೋಲ್ಟ್ ಹೊರಬರುತ್ತದೆ. ಅದನ್ನು ತೂರಿಸಿ, ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾರೆ. ಹುಡುಗ ಬೇಸತ್ತು, “ಅಜ್ಜಾರ, ತಗೋತೀರೇನ್ರಿ?” ಅಂದರೆ, “ತಡಿಯೋ ತಮ್ಮಾ, ಡುಪ್ಲಿಕೇಟ್ ಇದ್ರ ತಾನಽ ಹೇಳ್ತೈತಿ” ಎಂಬ ಉತ್ತರ. ಹೊತ್ತು ಇಳಿಯುವ ಹೊತ್ತಿಗೆ ತೆಗೆದುಕೊಳ್ಳುವುದು ಮಿಸ್ತ್ರಿ ಮೊದಲ ದಿನ ಹೇಳಿದ ಕಂಪನಿ ರಬ್ಬರನ್ನೇ.

ಹಾಕಿಸುವ ದಿನ ಗ್ಯಾರೇಜಿನಲ್ಲಿ ಗೌಡರಿಗೆ ಕುರ್ಚಿ, ಹುಡುಗರಿಗೆ ಸಂಕಟ. ಒಬ್ಬ ಗ್ರೀಸಿನ ಡಬ್ಬಿ ತಂದರೆ, “ರಬ್ಬರಿಗೆ ಗ್ರೀಸ್ ಹಚ್ಚಿದ್ರ ಉಬ್ಬತೈತಿ, ಸಬಕಾರ ನೀರ ತಾ!” ಇನ್ನೊಬ್ಬ ಗಾಡಿ ಜ್ಯಾಕಿನ ಮೇಲಿರುವಾಗಲೇ ಪಾನಾ ಹಿಡಿದರೆ, ಕುರ್ಚಿಯೇ ಎದ್ದು ನಿಲ್ಲುತ್ತದೆ: “ಮೊದಲ ಜ್ಯಾಕ್ ಇಳಸಲೇ! ಗಾಡಿ ತನ್ನ ಭಾರದ ಮ್ಯಾಲ ನಿಂತ ಮ್ಯಾಲ ಬಿಗಿ.” ಇದು ಬರೀ ಗೌಡಕಿಯ ಗದರಿಕೆಯಲ್ಲ. ಪಾಟಾ ಜೋತುಬಿದ್ದಾಗ ಬಿಗಿದರೆ, ಗಾಡಿ ನೆಲಕ್ಕಿಳಿದಾಗ ರಬ್ಬರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ, ಬೇಗ ಹರಿಯುತ್ತದೆ. ಮಿಸ್ತ್ರಿ ನಕ್ಕು ಹುಡುಗನಿಗೆ ಕಣ್ಣು ಹೊಡೆಯುತ್ತಾನೆ. ಪಾನಾ ಮಾತ್ರ ಕೆಳಗಿಡಿಸುತ್ತಾನೆ.

ಮರುದಿನ ಗೌಡ್ತಿಯವರನ್ನು ಕೂರಿಸಿಕೊಂಡು ಸವದತ್ತಿಯ ಹಾದಿ. ಟಕ್ ಇಲ್ಲ, ಧಡ್ ಇಲ್ಲ. ಖಾಲಿ ಬಿದ್ದ ಜಾಗವನ್ನು ಗೌಡರ ಮಾತು ತುಂಬುತ್ತದೆ: “ಮೆತ್ತಗಿರೂದು ರಬ್ಬರಿನ ದೋಷ ಅಲ್ಲ. ಎರಡು ಕಬ್ಬಣದ ನಡುವ ಕುಂತು ಪೆಟ್ಟು ತಾ ತಿಂತೈತಿ. ಸಣ್ಣದು ಸವೀಬೇಕು, ದೊಡ್ಡದು ಉಳೀಬೇಕು.”

“ನಿಮಗೂ ನಿಮ್ಮ ಅವ್ವಗೂ ನಡುವ, ನಿಮಗೂ ನಿಮ್ಮ ಮಗಗೂ ನಡುವ, ಇಷ್ಟ ವರ್ಷ ಕುಂತಾಕಿ ಯಾರ್ರೀ?” ಗೌಡ್ತಿಯವರು ಹೊರಗೆ ನೋಡುತ್ತಲೇ ಕೇಳುತ್ತಾರೆ. “ಒಮ್ಮೆರೆ ಹಾರಿ ಹಾಕಿ ನೋಡಿರೇನು, ಎಷ್ಟ ಸವದೈತಿ ಅಂತ?”

ಗೌಡರು ಗೇರು ಇಳಿಸುತ್ತಾರೆ. ತುಸು ಯೋಚಿಸಿ, ತಮಗೆ ಗೊತ್ತಿದ್ದ ಅತಿ ದೊಡ್ಡ ಹೊಗಳಿಕೆಯನ್ನೇ ಆರಿಸುತ್ತಾರೆ: “ನಿಂದು ಕಂಪನಿ ಮಾಲು. ಡುಪ್ಲಿಕೇಟ್ ಇದ್ದಿದ್ರ ಯಾವಾಗೋ ಹರದು ಹೋಗ್ತಿತ್ತು.”

“ಹಂಗಾರ ಜ್ವಾಕಿಲೆ ಹೊಡೀರಿ. ಇದರ ಬದಲಿ ಹುಬ್ಬಳ್ಯಾಗ ಸಿಗೂದಿಲ್ಲ.”