ನೆಲ ಗುಡಿಸುವ ನಿಲುವಂಗಿಗಳು

ಲಾಸ್ ಏಂಜಲೀಸ್‌ನ ಡಾಲ್ಬಿ ಥಿಯೇಟರಿನಲ್ಲಿ ಭಾನುವಾರ ಸಂಜೆ ನಡೆಯುವ ಆಸ್ಕರ್ ಸಮಾರಂಭ ನಮಗೆ ತಲುಪುವುದು ಸೋಮವಾರದ ಮೊದಲ ಕಾಫಿಯ ಜೊತೆ. ಪ್ರಪಂಚದ ಅತಿ ದುಬಾರಿ ಉಡುಪುಗಳನ್ನು ನಾವು ಲುಂಗಿ, ನೈಟಿಯಲ್ಲಿ ಕೂತು ವಿಮರ್ಶಿಸುತ್ತೇವೆ. "ಅಷ್ಟುದ್ದ ಬಟ್ಟೆ ನೆಲಕ್ಕೆ ಬಿಟ್ಟಿದ್ದಾಳಲ್ಲ, ಅದರಲ್ಲೇ ಒಂದು ಮೊಳ ಬೆನ್ನಿಗೆ ಹಾಕಬಾರದಿತ್ತೇನೇ?" ಎಂಬುದು ನಮ್ಮ ಸೋದರತ್ತೆಯ ಕಾಯಂ ತೀರ್ಪು.

2023ರಲ್ಲಿ ಕೆಂಪು ಹಾಸೇ ಶಾಂಪೇನ್ ಬಣ್ಣಕ್ಕೆ ತಿರುಗಿತ್ತು. ಅಂಥ ತೆಳುಬಣ್ಣದ ಮೇಲೆ ಜನ ಬೂಟುಗಾಲಲ್ಲಿ ಓಡಾಡುವುದನ್ನು ಕಂಡು ಅತ್ತೆಗೆ ಕಾಫಿ ಸೇರಲಿಲ್ಲ. ನಮ್ಮ ಬೆಂಗಳೂರಿನ ಹುಡುಗಿ ದೀಪಿಕಾ ಪಡುಕೋಣೆ ಕಪ್ಪು ಗೌನಿನಲ್ಲಿ ಬಂದು 'ನಾಟು ನಾಟು' ಹಾಡನ್ನು ಪರಿಚಯಿಸಿದಾಗ ಮಾತ್ರ ಬೆನ್ನಿನ ಲೆಕ್ಕ ಯಾರೂ ಎತ್ತಲಿಲ್ಲ. ಸ್ವಂತ ಊರಿಗೆ ಅಷ್ಟು ರಿಯಾಯಿತಿ ಬೇಡವೇ! ಗಂಡಸರ ಬಗ್ಗೆ ಹೇಳುವುದೇನಿದೆ? ಕಪ್ಪು ಸೂಟು, ಬೋ ಟೈ, ಮುಗೀತು.

ಆ ವರ್ಷ ನನಗೆ ಹಿಡಿಸಿದವಳು ಲೇಡಿ ಗಾಗಾ. ಹೊರಗೆ ಭರ್ಜರಿ ಗೌನಿನಲ್ಲಿ ಮೆರೆದವಳು ಹಾಡಲು ಬಂದದ್ದು ಹರಿದ ಜೀನ್ಸ್, ಟೀ ಶರ್ಟಿನಲ್ಲಿ. ಮದುವೆಮನೆಯಿಂದ ಬಂದು ರೇಷ್ಮೆಸೀರೆ ಕಳಚಿದವರ ನಿರಾಳ ಅವಳ ಮುಖದಲ್ಲಿತ್ತು. 2001ರಲ್ಲಿ ಗಾಯಕಿ ಬ್ಯೋರ್ಕ್ ಕೊರಳಿಗೆ ಹಂಸ ಸುತ್ತಿದಂಥ ಉಡುಪಿನಲ್ಲಿ ಬಂದು, ಹಾಸಿನ ಮೇಲೆ ಮೊಟ್ಟೆಯನ್ನೂ ಇಟ್ಟಿದ್ದಳು. ಹೆದರದವರೆಂದರೆ ಇವರೇ.

ಅಂದಹಾಗೆ, ಭಾರತಕ್ಕೆ ಮೊದಲ ಆಸ್ಕರ್ ತಂದವರು ವಸ್ತ್ರವಿನ್ಯಾಸಕಿ ಭಾನು ಅಥೈಯಾ, 1983ರಲ್ಲಿ. ಚಿತ್ರ 'ಗಾಂಧಿ'. "ತುಂಡುಪಂಚೆಗೂ ಕೊಡ್ತಾರಾ?" ಎಂದು ಅತ್ತೆ ಈಗಲೂ ಕೇಳುತ್ತಾರೆ.