ನೆಟ್‌ವರ್ಕ್ ಸಾಹೇಬ್ರು

ಹುಬ್ಬಳ್ಳಿಯಲ್ಲಿ ಹೆಡ್ ಆಫೀಸು, ಧಾರವಾಡದಲ್ಲಿ ಶಾಖೆ ಇರುವ ಯಾವ ಸಂಸ್ಥೆಗೆ ಹೋದರೂ ಇವರು ಸಿಗುತ್ತಾರೆ. ಕೊರಳಿಗೆ ಟ್ಯಾಗು, ಬೆನ್ನಿಗೆ ಲ್ಯಾಪ್‌ಟಾಪು, ಕಿಸೆಯಲ್ಲಿ ಕ್ರಿಂಪಿಂಗ್ ಟೂಲು. ಮನೆಯ ಕೀಲಿಯನ್ನು ಪಕ್ಕದ ಮನೆಯ ವೈನಿ ಕೈಗೆ ಕೊಟ್ಟು ಆಫೀಸಿಗೆ ಬರುವ ಈ ಸಾಹೇಬರು, ರೌಟರ್ ವಿಷಯಕ್ಕೆ ಬಂದರೆ ನೆರೆಯವರನ್ನು ಒಂದಿಷ್ಟೂ ನಂಬುವುದಿಲ್ಲ.

"ರೌಟರ್ ಭಾಳ ಭೋಳೆ ಜೀವರೀ. ಬಾಜೂದವ ಬಂದು 'ದಾರಿ ನನ್ನ ಕಡೆಯಿಂದನ ಐತಿ' ಅಂದ್ರ ಹೂಂ ಅಂತೈತಿ. ಅದಕ್ಕ ಪಾಸ್‌ವರ್ಡ್ ಹಾಕಬೇಕು." ಇಷ್ಟಕ್ಕೆ ಬಿಡುವುದಿಲ್ಲ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನದ ಟೆಲಿಕಾಂ ಕಂಪನಿ ಯೂಟ್ಯೂಬಿನ ದಾರಿ ತನ್ನದೆಂದು ಸಾರಿ, ಜಗತ್ತಿಗೆ ಸುಮಾರು ಎರಡು ತಾಸು ಯೂಟ್ಯೂಬ್ ತಪ್ಪಿಸಿದ ಕಥೆಯೂ ಬರುತ್ತದೆ. ಅಲ್ಲಿ ಸುಳ್ಳು ಹೇಳಿದ್ದು ಗುರುತಿನ ನೆರೆಯವನೇ, ಪಾಸ್‌ವರ್ಡ್ ಇದ್ದರೂ ಏನೂ ತಡೆಯುತ್ತಿರಲಿಲ್ಲ ಎಂದು ಯಾರಾದರೂ ಅಂದರೆ, "ಬರ್ರಿ, ಚಾ ಕುಡಿಯೂಣು" ಎನ್ನುತ್ತಾರೆ.

ಅವರ ದೊಡ್ಡ ಹೆಮ್ಮೆಯೆಂದರೆ ಎಂಡಿ5. ಪಾಸ್‌ವರ್ಡು ತಂತಿಯ ಮೇಲೆ ಹೋಗುವುದೇ ಇಲ್ಲ, ಅದರಿಂದ ಲೆಕ್ಕ ಹಾಕಿ ತೆಗೆದ ಮುದ್ರೆಯಷ್ಟೇ ಹೋಗುತ್ತದೆ. ನಿಜ. ಪಾಸ್‌ವರ್ಡು ಹೋಗುವುದು ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ.

ಹಳೆಯ ಪಾಸ್‌ವರ್ಡಿನ ಜೊತೆಗೇ ಹೊಸದನ್ನೂ ಇಟ್ಟು, ಎರಡೂ ತುದಿ ಒಪ್ಪಿದ ಮೇಲೆ ಹಳೆಯದನ್ನು ತೆಗೆಯುವ ಅನುಕೂಲ, ರೌಟರುಗಳು ಒಂದಕ್ಕೊಂದು ದಾರಿ ಹೇಳಿಕೊಳ್ಳುವ ಓಎಸ್‌ಪಿಎಫ್ ಎಂಬ ಪದ್ಧತಿಯಲ್ಲಿದೆ. ಸಾಹೇಬರಿಗೆ ಅಷ್ಟು ತಾಳ್ಮೆಯಿಲ್ಲ. ಮೊನ್ನೆ ಹುಬ್ಬಳ್ಳಿ ರೌಟರಿನದನ್ನು ಬದಲಿಸಿಯೇ ಧಾರವಾಡದ ಬಸ್ ಹತ್ತಿದರು. ರೌಟರುಗಳು 10 ಸೆಕೆಂಡಿಗೊಮ್ಮೆ ಹಲೋ ಅನ್ನುತ್ತವೆ. 40 ಸೆಕೆಂಡು ಒಪ್ಪುವಂಥ ಹಲೋ ಬಾರದಿದ್ದರೆ ನೆರೆಯವ ಸತ್ತನೆಂದು ಕೈಬಿಡುತ್ತವೆ. ಬಸ್ಸು ಉಣಕಲ್ ದಾಟುವುದರೊಳಗೆ ಧಾರವಾಡದ ಕೌಂಟರ್ ನಿಂತು, ಸಾಹೇಬರ ಫೋನು ಹೊಡೆದುಕೊಳ್ಳತೊಡಗಿತು. ಆ ಕಡೆ ಶಾಖೆಯ ಹುಡುಗ.

"ಬರ್ಕೋ ತಮ್ಮಾ! ಕ್ಯಾಪಿಟಲ್ ಯು, ಎನ್, ಕೆ, ಎ, ಎಲ್. ಉಣಕಲ್ಲೋ! ಆಮ್ಯಾಲೆ ಅಟ್. 1962. ಎರಡೂ ಊರು ಕೂಡಿ ಪಾಲಿಕೆ ಆದ ವರ್ಷ, ಮರೀಬ್ಯಾಡ!"

"ಹಾಕೇನ್ರಿ ಸರ್. ನೇಬರ್ ಬರವಲ್ದು."

"ಯು ದೊಡ್ಡದು ಹಾಕೀಯಿಲ್ಲೋ?"

"ದೊಡ್ಡದ ಹಾಕೇನ್ರಿ."

ನವನಗರ ಬಂದರೂ ನೇಬರ್ ಬರಲಿಲ್ಲ. ದಿನಾ ಇದೇ ಬಸ್ಸಿಗೆ ಸಾಲಿಗೆ ಹೋಗುವ ಅಕ್ಕೋರು ಹಿಂದಿನ ಸೀಟಿನಿಂದ ಬಾಗಿ, "ಸರ್, ಹ್ವಾದ ಸಲದಂಗ ಕಡೀಗೆ ಒಂದು ಸ್ಪೇಸ್ ಬಿದ್ದಿರಬೇಕು, ತೆಗೀ ಅನ್ರಿ" ಎಂದರು.

ತೆಗೆದ. ಬಂತು.

ಸಾಹೇಬರು ದನಿ ತಗ್ಗಿಸಿದರು. "ಅಕ್ಕೋರ, ಇದು ಸೆಕ್ಯೂರಿಟಿ ವಿಷಯ ನೋಡ್ರಿ. ಯಾರ ಮುಂದೂ ಹೇಳಬ್ಯಾಡ್ರಿ."

ಬಸ್ಸಿನ ಅರ್ಧ ಮಂದಿ ಇಲ್ಲವೆಂದು ತಲೆಯಾಡಿಸಿದರು.